ತಿಜೋರಿಯಲ್ಲಿ ಒಂದು ಖಾನೆ

ಕುಷ್ಟಗಿಯ ಮಾವನ ಮನೆಗೆ ನಾನು ಮತ್ತು ಅವ್ವ ಬಂದು ಸೇರಿದ ದಿನ ನಮ್ಮ ತಗಡಿನ ಟ್ರಂಕನ್ನು ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ ಇಟ್ಟರು. ಅಪ್ಪ ತೀರಿಕೊಂಡ ಮೇಲೆ ಯಲಬುರ್ಗಾದ ಬಾಡಿಗೆ ಮನೆ ಬಿಟ್ಟು ಬಂದವರು ನಾವು. ಟ್ರಂಕಿನಲ್ಲಿ ಅವ್ವನ ಸೀರೆಗಳು, ನನ್ನ ನಾಲ್ಕು ಅಂಗಿ, ಎರಡು ಹೊದಿಕೆ, ಇಷ್ಟೇ ಇದ್ದವು. ಮಾವ ಎಂದರೆ ಅವ್ವನ ತಮ್ಮ. ಬಸ್‌ಸ್ಟ್ಯಾಂಡಿನಿಂದ ಟ್ರಂಕನ್ನು ತಾನೇ ಹೊತ್ತು ತಂದು ಇಳಿಸಿ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ ಹೇಳಿದ:

"ಸದ್ಯಕ್ಕ ಇಲ್ಲೇ ಇರ್ಲಿ, ಯಕ್ಕಾ. ಆಮ್ಯಾಲ ತಿಜೋರಿ ಒಳಗ ಜಾಗ ಮಾಡೂಣು."

ನಾನು ಆಗ ಸಾಲೆಯಲ್ಲಿ ಮೂರನೆಯ ಇಯತ್ತೆ. ಆ ಮಾತನ್ನು ಅಕ್ಷರಶಃ ನಂಬಿದೆ. ಯಾರಾದರೂ ಒಂದು ಮಾತು ಕೊಟ್ಟರೆ ಅದನ್ನು ತಾರೀಖಿನ ಸಮೇತ ಬರೆದಿಟ್ಟುಕೊಂಡು ಕಾಯುವ ಚಾಳಿ ನನಗೆ ಅಷ್ಟು ಸಣ್ಣವಳಿದ್ದಾಗಲೇ ಬಂದಿತ್ತು. ಈಗಲೂ ಬಿಟ್ಟಿಲ್ಲ. ಕಾಯುವುದನ್ನು ಮಾತ್ರ ಬಿಟ್ಟಿದ್ದೇನೆ.

ನಮ್ಮ ಕಡೆ ಉಕ್ಕಿನ ಕಪಾಟಿಗೆ ತಿಜೋರಿ ಅನ್ನುತ್ತಾರೆ, ಒಳಗೆ ಬಂಗಾರ ಇರಲಿ ಬಿಡಲಿ. ಮಾವನ ಮನೆಯ ತಿಜೋರಿ ನಡುಮನೆಯಲ್ಲಿತ್ತು. ಪಡಸಾಲೆಯಲ್ಲಿ ಕೂತವರಿಗೂ ಕಾಣುವ ಹಾಗೆ ಅದನ್ನು ಬಾಗಿಲಿಗೆ ಎದುರಾಗಿ ನಿಲ್ಲಿಸಿದ್ದರು. ಹಸಿರು ಬಣ್ಣ, ಎಡಗಡೆಯ ಬಾಗಿಲಿಗೆ ಆಳೆತ್ತರದ ಕನ್ನಡಿ. ಮಾವ, ಅತ್ತೆ, ಅವರ ಮೂವರು ಮಕ್ಕಳು, ಹೀಗೆ ಆ ಮನೆಯ ಐದೂ ಜನ ಅದರ ಮುಂದೆ ನಿಂತೇ ತಲೆ ಬಾಚುತ್ತಿದ್ದರು. ಎಡಗಡೆ ನಾಲ್ಕು ಖಾನೆ. ಮೇಲಿನದರಲ್ಲಿ ಮಾವನ ಕಾಗದಪತ್ರ, ಎರಡನೆಯದರಲ್ಲಿ ಅತ್ತೆಯ ಸೀರೆ, ಮೂರು ಮತ್ತು ನಾಲ್ಕರಲ್ಲಿ ಮಕ್ಕಳ ಬಟ್ಟೆ. ಬಲಗಡೆ ಒಂದು ಕಬ್ಬಿಣದ ಸರಳು. ಅದಕ್ಕೆ ಮಾವನ ಅಂಗಿಗಳು ಜೋತುಬಿದ್ದಿರುತ್ತಿದ್ದವು. ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ, ಅಡುಗೆಮನೆಯ ಹೊಗೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಅವ್ವ ನಾನು ಮಲಗುತ್ತಿದ್ದದ್ದು ಅಲ್ಲಿ. ನಮ್ಮ ಅಂಗಿಗಳಿಗೆಲ್ಲ ಜೋಳದ ದೂಳಿನ ವಾಸನೆ ಇರುತ್ತಿತ್ತು. ಸಾಲೆಯಲ್ಲಿ ನನ್ನ ಬೆಂಚಿನ ಹುಡುಗಿ ಒಮ್ಮೆ ಮೂಗು ಎಳೆದು, "ನೀ ಏನ್ ಗಿರಣಿ ಒಳಗ ಇರ್ತೀಯೇನ?" ಎಂದಿದ್ದಳು.

ಮಾವನದು ರೆಡಿಮೇಡ್ ಬಟ್ಟೆಯ ಅಂಗಡಿ. ಮುಖ್ಯವಾಗಿ ಜೀನ್ಸ್. ಬಳ್ಳಾರಿಯಿಂದ ಗಂಟು ಕಟ್ಟಿಸಿ ಬಸ್ಸಿನ ಮೇಲೆ ಹೇರಿ ತರುತ್ತಿದ್ದ. ಗಂಟಿನಲ್ಲಿ ಯಾವಾಗಲೂ ಕೆಲವು ಅಂಗವಿಕಲ ಇರುತ್ತಿದ್ದವು. ಒಂದು ಕಾಲು ಉದ್ದ, ಒಂದು ಗಿಡ್ಡ. ಜಿಪ್ಪು ಎಡಕ್ಕೆ ವಾಲಿದ್ದು. ಹಿಂದಿನ ಜೇಬು ಒಂದು ಮೇಲೆ, ಒಂದು ಕೆಳಗೆ. ಮಾರಾಟವಾಗದ ಅಂಥವೆಲ್ಲ ಮನೆಗೆ ಬರುತ್ತಿದ್ದವು. ಮಾವನ ಗಂಡುಮಕ್ಕಳು ಇಬ್ಬರು, ವೀರೇಶ ಮತ್ತು ಪಂಪಣ್ಣ. ಇಡೀ ಕುಷ್ಟಗಿಯಲ್ಲಿ ಅವರಷ್ಟು ಜೀನ್ಸ್ ಇದ್ದ ಹುಡುಗರು ಬೇರೆ ಇರಲಿಲ್ಲ, ಅವುಗಳಲ್ಲಿ ನೆಟ್ಟಗಿನದು ಒಂದೂ ಇರಲಿಲ್ಲ. ವೀರೇಶ ನಡೆಯುವಾಗ ಗೆಳೆಯರು ಕಾಡುತ್ತಿದ್ದರಂತೆ: "ಲೇ, ನಿಮ್ಮಪ್ಪ ನಿನಗ ಹೊಲಿಸ್ಯಾನೋ, ನಿನ್ನ ಮ್ಯಾಲ ಸಿಟ್ ತೀರಿಸ್ಕೊಂಡಾನೋ?" ನಳದ ನೀರು ಎಂಟು ದಿನಕ್ಕೊಮ್ಮೆ ಬರುವ ಓಣಿ ನಮ್ಮದು. ಒಂದು ಜೀನ್ಸ್ ಒಗೆಯಲು ಎರಡು ಕೊಡ ಬೇಕು. ಹಾಗಾಗಿ ಜೀನ್ಸನ್ನು ಉಟ್ಟು, ಜಾಡಿಸಿ, ಮತ್ತೆ ತಿಜೋರಿಗೆ ತುರುಕುವುದು ಮನೆಯ ಪದ್ಧತಿ. ಎರೆಮಣ್ಣಿನ ದೂಳು, ಬಸ್ಸಿನ ಎಣ್ಣೆ, ಕ್ರಿಕೆಟ್ ಆಡಿದ ಬೆವರು, ಎಲ್ಲವೂ ಅವುಗಳ ಜೊತೆಗೇ ಒಳಗೆ ಹೋಗುತ್ತಿದ್ದವು. ಇದನ್ನು ಇಲ್ಲಿ ಹೇಳಿ ಇಡುತ್ತೇನೆ.

ಮುಂಜಾನೆಯ ಜಗಳ ತಿಜೋರಿಯಿಂದಲೇ ಶುರು. ಮಡಿಚಿ ಒಟ್ಟಿದ ಜೀನ್ಸಿನ ರಾಶಿಯಲ್ಲಿ ಬೇಕಾದದ್ದು ಯಾವಾಗಲೂ ತಳದಲ್ಲಿ ಇರುತ್ತಿತ್ತು. ಪಂಪಣ್ಣ ಒಂದನ್ನು ಎಳೆದರೆ ಹತ್ತು ಕೆಳಗೆ ಬೀಳುತ್ತಿದ್ದವು.

"ಯವ್ವಾ, ಇವ್ನ ನೋಡ, ನನ್ನ ಪ್ಯಾಂಟ್ ಹಾಕ್ಯಾನ!"

"ನಿಂದೇನಲೇ? ನಿಂದ್ರಾಗ ಜಿಪ್ ಬಲಕ್ಕ ಐತಿ. ಇದ್ರಾಗ ಎಡಕ್ಕ ಐತಿ. ಸರ್ಯಾಗಿ ನೋಡು, ಕಣ್ಣಾಗ ಪಿಸರ ತಗದು."

"ಯಾರದರ ಆಗ್ಲಿ, ಒಂದ ಸುಡ್ರಿ ಒಂದ ಉಟ್ಕೊಳ್ರಿ!" ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದಳು. ಬಿದ್ದವನ್ನು ಮಡಿಚಿ ಒಟ್ಟುವುದು ನನ್ನ ಕೆಲಸ. ಹೀಗೆಂದು ಯಾರೂ ಹೇಳಿರಲಿಲ್ಲ. ಆದರೆ ಎಲ್ಲರೂ ಹೊರಟುಹೋದ ಮೇಲೆ ನೆಲದ ಮೇಲೆ ಬಿದ್ದಿರುವ ಬಟ್ಟೆ ಮನೆಯಲ್ಲಿ ಯಾರಿಗೆ ಕಾಣುತ್ತದೋ ಅವರದ್ದೇ ಆ ಕೆಲಸ. ಅವು ನನಗೆ ಕಾಣುತ್ತಿದ್ದವು.

ಅವ್ವನ ಕೆಲಸಕ್ಕೆ ಮೊದಲೂ ಕೊನೆಯೂ ಇರಲಿಲ್ಲ. ನಸುಕಿಗೆ ಎದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಹೊಲಿಗೆ ಮಶೀನಿಗೆ ಕೂರುತ್ತಿದ್ದಳು. ಅಂಗಡಿಯಲ್ಲಿ ಕೊಂಡ ಜೀನ್ಸ್ ಗಿರಾಕಿಗೆ ಉದ್ದವಾದರೆ ಮಾವ ಕಾಲಿನ ಹತ್ತಿರ ಸೀಮೆಸುಣ್ಣದ ಗೆರೆ ಎಳೆದು ಮನೆಗೆ ಕಳಿಸುತ್ತಿದ್ದ. ಅವ್ವ ಅದನ್ನು ಕತ್ತರಿಸಿ, ಮಡಿಚಿ, ಹೊಲಿದು ಸಂಜೆಯೊಳಗೆ ಕೊಡಬೇಕು. ದಪ್ಪ ಬಟ್ಟೆಗೆ ಸೂಜಿಗಳು ಪಟ್ ಎಂದು ಮುರಿಯುತ್ತಿದ್ದವು. ಕತ್ತರಿಸಿದ ನೀಲಿ ತುಂಡುಗಳು ಮನೆತುಂಬ ಇದ್ದವು. ಹಂಚು ಹಿಡಿಯಲು ಅವೇ, ಕೊಡಕ್ಕೆ ಸಿಂಬೆಗೆ ಅವೇ, ನನ್ನ ಪಾಟಿಚೀಲದ ತೇಪೆಗೂ ಅವೇ. ಮಧ್ಯಾಹ್ನ ಮೊದಲು ಮಾವ ಉಣ್ಣುತ್ತಿದ್ದ, ಆಮೇಲೆ ಹುಡುಗರು, ಆಮೇಲೆ ಅತ್ತೆ, ನಾನು, ಅತ್ತೆಯ ಮಗಳು ಶಾರದಕ್ಕ. ಕೊನೆಗೆ ಅವ್ವ. ಅವಳ ಪಾಲಿಗೆ ಪುಂಡಿಪಲ್ಯ ಉಳಿದರೆ ರೊಟ್ಟಿ ಗಟ್ಟಿಯಾಗಿರುತ್ತಿತ್ತು, ರೊಟ್ಟಿ ಮೆತ್ತಗಿದ್ದರೆ ಪಲ್ಯ ತೀರಿರುತ್ತಿತ್ತು. ಶೇಂಗಾಚಟ್ನಿ ಇದೆಯಲ್ಲ ಎಂದು ಅವಳು ಉಂಡು ಏಳುತ್ತಿದ್ದಳು. ಅತ್ತೆ ಕೆಟ್ಟವಳಾಗಿರಲಿಲ್ಲ. ನನಗೆ ಜ್ವರ ಬಂದಾಗ ಅವ್ವನಿಗಿಂತ ಮೊದಲು ಎದ್ದು ಹಣೆ ಮುಟ್ಟಿ ನೋಡಿದವಳು ಅವಳು. ಮನೆಗೆ ಬಂದವರ ಮುಂದೆ "ನಮ್ಮ ಯಕ್ಕನ ಕೈ ಇರಲಿಲ್ಲಂದ್ರ ಅಂಗಡಿ ನಡೀತಿದ್ದಿಲ್ಲರಿ" ಎಂದು ಹೇಳುತ್ತಲೂ ಇದ್ದಳು. ಇದೂ ನಿಜ. ಇವೆರಡೂ ಒಂದೇ ಮನೆಯಲ್ಲಿ ಇದ್ದವು.

ಒಂಬತ್ತನೆಯ ಇಯತ್ತೆಯ ಮಳೆಗಾಲದಲ್ಲಿ ಟ್ರಂಕಿನ ತಳ ತುಕ್ಕು ಹಿಡಿಯಿತು. ಅವ್ವನ ಮದುವೆಯ ಇಳಕಲ್ ಸೀರೆ ಎಲ್ಲಕ್ಕಿಂತ ಕೆಳಗೆ ಇತ್ತು. ಹೊರಗೆ ತೆಗೆದಾಗ ಕೆಂಪು ಸೆರಗಿನ ಮೇಲೆ ಅಂಗೈಯಗಲದ ಕಂದುಕಲೆ ಆಗಿತ್ತು. ಅವ್ವ ಅದಕ್ಕೆ ನಿಂಬೆಹಣ್ಣು ಉಪ್ಪು ಹಚ್ಚಿ ತಿಕ್ಕಿದಳು. ಕಲೆ ಹೋಗಲಿಲ್ಲ, ಬಣ್ಣ ಹೋಯಿತು. ಅವಳು ಆ ಸೀರೆ ಉಡುವುದನ್ನು ಬಿಟ್ಟು ವರ್ಷಗಳಾಗಿದ್ದವು, ಆದರೂ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಬೇವಿನೆಲೆ ಇಟ್ಟು, ಮಡಿಕೆ ಬದಲಿಸಿ ಇಡುತ್ತಿದ್ದಳು. ಕಲೆಯಾದ ಸೆರಗನ್ನು ಒಳಮಡಿಕೆಗೆ ತಿರುಗಿಸಿ ಮತ್ತೆ ಅದೇ ಟ್ರಂಕಿಗೆ ಹಾಕಲು ಹೊರಟಾಗ ನನಗೆ ತಡೆಯಲಾಗಲಿಲ್ಲ. ನೆಟ್ಟಗೆ ಅತ್ತೆಯ ಹತ್ತಿರ ಹೋದೆ. ಅವಳು ಕಾಳು ಆರಿಸುತ್ತಿದ್ದಳು.

"ಅತ್ತಿ, ಅವ್ವನ ಸೀರಿ ತಿಜೋರಿ ಒಳಗ ಇಡ್ಲ್ಯಾ? ಟ್ರಂಕ್ ತೂತ ಬಿದ್ದೈತಿ."

ಅವಳು ತಲೆ ಎತ್ತದೆ ಹೇಳಿದಳು: "ಜಾಗ ಎಲ್ಲೈತ್ಯವ್ವಾ ಸುಮಿ? ನೀನ ನೋಡ್ತಿಯಲ್ಲ ದಿನಾ. ಒಂದ ಕರವಸ್ತ್ರ ಇಡಾಕ ಜಾಗ ಇಲ್ಲ. ಜಾಗ ಆದ್ರ ಇಡಬೌದಿತ್ತು."

ಅಡುಗೆಮನೆಯಲ್ಲಿದ್ದ ಅವ್ವನಿಗೆ ಇದು ಕೇಳಿಸಿತು. ಅವಳೂ ಅಲ್ಲಿಂದಲೇ, "ಹೌದ ಬಿಡು ಸುಮಿ. ಜಾಗ ಆದಾಗ ನೋಡೂಣು" ಎಂದಳು.

ನಾನು ಸಂತೋಷದಿಂದ ಹೊರಗೆ ಬಂದೆ. ಇದು ಜಾಗದ ಪ್ರಶ್ನೆ ಎಂದಾದರೆ ಉತ್ತರ ಇದ್ದೇ ಇರಬೇಕು. ಅಳೆಯಬಹುದು, ಎಣಿಸಬಹುದು, ಸರಿಮಾಡಬಹುದು. ಅಳತೆಗೆ ಸಿಗುವ ಯಾವುದೂ ಅನ್ಯಾಯವಾಗಿ ಉಳಿಯಲಾರದು ಎಂಬುದು ಆಗ ನನಗಿದ್ದ ನಂಬಿಕೆ.

ತಿಜೋರಿಯ ಬಲಭಾಗದಲ್ಲಿ ಅಂಗಿಗಳ ಕೆಳಗೆ ಎರಡು ಗೇಣು ಜಾಗ ಸುಮ್ಮನೆ ಪೋಲಾಗುತ್ತಿದೆ ಎಂಬುದನ್ನು ಮೊದಲು ಕಂಡುಕೊಂಡೆ. ಜೀನ್ಸನ್ನೆಲ್ಲ ಸರಳಿಗೆ ತೂಗುಹಾಕಿದರೆ ಎಡಗಡೆ ಒಂದು ಇಡೀ ಖಾನೆ ಬಿಡುವಾಗುತ್ತದೆ. ಆದರೆ ಹ್ಯಾಂಗರಿಗೆ ಅಡ್ಡಲಾಗಿ ಹಾಕಿದರೆ ಜೀನ್ಸ್ ಕುಪ್ಪಸದ ತೋಳಿನ ಹಾಗೆ ಉಬ್ಬಿಕೊಳ್ಳುತ್ತದೆ, ಹತ್ತಕ್ಕೇ ಸರಳು ತುಂಬುತ್ತದೆ. ಅಂಗಡಿಯಲ್ಲಿ ಮಾವ ಹಾಗೆ ಹಾಕುತ್ತಿರಲಿಲ್ಲ. ಕಾಲಮೇಲೆ ಕಾಲು ಕೂಡಿಸಿ ಉದ್ದಕ್ಕೆ ಮಡಿಚಿ, ಬೆಲ್ಟು ಹಾಕುವ ಪಟ್ಟಿಯನ್ನು ಬಾಗಿದ ಕಬ್ಬಿಣದ ಕೊಂಡಿಗೆ ಸಿಕ್ಕಿಸಿ ನೇತುಹಾಕುತ್ತಿದ್ದ. ಹಳೆಯ ಕೊಂಡಿಗಳನ್ನು ಕೇಳಿದೆ. "ಮೀನ ಹಿಡಿಯಾಕ ಹೊಂಟೀಯೇನವ್ವ?" ಎನ್ನುತ್ತ ಮಾವ ಒಂದು ಚೀಲದ ತುಂಬ ತಂದುಕೊಟ್ಟ.

ಅಷ್ಟು ಮಾಡಿದರೂ ಎಲ್ಲ ಹಿಡಿಸಲಿಲ್ಲ. ಜೀನ್ಸ್ ಸೊಂಟದ ಹತ್ತಿರ ದಪ್ಪ. ಗುಂಡಿ, ಜಿಪ್ಪು, ಜೇಬು, ಎಲ್ಲ ಅಲ್ಲೇ. ಕಾಲಿನ ಕಡೆ ತೆಳು. ಎಲ್ಲ ಸೊಂಟಗಳೂ ಮೇಲೆ ಬಂದರೆ ಮೇಲ್ಗಡೆ ಇಕ್ಕಟ್ಟು, ಕೆಳಗಡೆ ಖಾಲಿ. ಒಂದನ್ನು ಸೊಂಟ ಮೇಲಾಗಿ, ಪಕ್ಕದ್ದನ್ನು ಕಾಲು ಮೇಲಾಗಿ ಹಾಕಿದರೆ ಒಂದರ ದಪ್ಪ ಇನ್ನೊಂದರ ತೆಳುವಿನಲ್ಲಿ ಕೂರುತ್ತದೆ ಎಂಬುದು ಒಂದು ದಿನ ಉಣ್ಣುತ್ತ ಕೂತಾಗ ಹೊಳೆಯಿತು. ಆದರೆ ಕಾಲಿನ ಕಡೆ ಕೊಂಡಿ ಸಿಕ್ಕಿಸಲು ಏನೂ ಇಲ್ಲವಲ್ಲ. ಅದಕ್ಕೆ ಅವ್ವನ ಹತ್ತಿರ ಹೋದೆ. ಮಶೀನಿನ ಪಕ್ಕದಲ್ಲಿ ಬಿದ್ದ ನೀಲಿ ತುಂಡುಗಳನ್ನು ತೋರಿಸಿ, ಪ್ರತಿ ಜೀನ್ಸಿನ ಕಾಲ ಒಳಗೆ ಒಂದೊಂದು ಸಣ್ಣ ಕುಣಿಕೆ ಹೊಲಿದುಕೊಡು ಎಂದೆ.

"ಎಷ್ಟ ಬೇಕ?"

"ಎಲ್ಲಾ ಅಲ್ಲ. ಅರ್ಧಕ್ಕ."

"ಯಾಕಬೇಕ ಇದು ನಿನಗ?"

"ಒಂದ ಖಾನಿ ಪೂರಾ ಖಾಲಿ ಆಗ್ತತಿ ಅವ್ವಾ. ಪೂರಾ."

ಅವ್ವ ನನ್ನ ಮುಖ ನೋಡಿದಳು. ತುಂಡೊಂದನ್ನು ಎತ್ತಿಕೊಂಡು ಸೂಜಿಯ ಕೆಳಗೆ ಇಟ್ಟಳು. ಆ ವಾರ ಗಿರಾಕಿಗಳ ಕೆಲಸ ಮುಗಿದ ಮೇಲೆ ಕುಣಿಕೆಗಳನ್ನು ಹೊಲಿದಳು. ಅಚ್ಚುಕಟ್ಟಾಗಿ, ಹೊರಗೆ ದಾರ ಕಾಣದಂತೆ.

ಅದೇ ಹೊತ್ತಿಗೆ ಶಾರದಕ್ಕನಿಗೆ ಸಿದ್ದಾಪುರದ ಕಡೆಯಿಂದ ಗಂಡು ಗೊತ್ತಾಯಿತು. ಕಾಲುವೆ ನೀರಾವರಿಯ ಭತ್ತದ ಮನೆ. ಅತ್ತೆಗೆ ಹಿಗ್ಗೂ ದಿಗಿಲೂ ಒಟ್ಟಿಗೇ ಹತ್ತಿಕೊಂಡವು. ಎರಡು ಸಲ ಗೊತ್ತಾಗಿ ಮುರಿದುಹೋದ ಸಂಬಂಧಗಳ ಮೇಲೆ ಬಂದದ್ದು ಇದು. ಯಾರಾದರೂ ಸೀನಿದರೂ ಅವಳು ಕೂತಲ್ಲಿಂದ ಎದ್ದು ಮತ್ತೆ ಕೂರುತ್ತಿದ್ದಳು. ಮದುವೆಯ ಸೀರೆ ತರಲು ಅವಳೂ ಶಾರದಕ್ಕನೂ ಇಳಕಲ್ಲಿಗೆ ಮುಂಜಾನೆಯ ಬಸ್ಸಿಗೆ ಹೋದ ದಿನ ನನಗೆ ಸಾಲೆ ರಜೆ. ತಿಜೋರಿಯನ್ನು ಪೂರಾ ಖಾಲಿ ಮಾಡಿದೆ. ಒಳಗಿನ ದೂಳು ಒರೆಸಿದೆ. ಜೀನ್ಸನ್ನೆಲ್ಲ ಒಂದೊಂದಾಗಿ ಜಾಡಿಸಿ, ಕಾಲುಗೆರೆ ಸರಿಹೊಂದಿಸಿ, ಅಂಗೈಯಿಂದ ಒತ್ತಿ, ಒಂದು ಮೇಲೆ ಒಂದು ಕೆಳಗೆ ತೂಗುಹಾಕಿದೆ. ಕಪ್ಪಿನವು ಒಂದು ಕಡೆ, ನೀಲಿಯವು ಒಂದು ಕಡೆ. ಬಲಕ್ಕೆ ವೀರೇಶನವು, ಎಡಕ್ಕೆ ಪಂಪಣ್ಣನವು, ನಡುವೆ ಗುರುತಿಗೆ ಮಾವನ ಒಂದು ಬಿಳಿ ಅಂಗಿ. ಯಾವುದನ್ನು ಎಳೆದರೂ ಇನ್ನೊಂದು ಅಲುಗುತ್ತಿರಲಿಲ್ಲ. ಎಳೆದು ಎಳೆದು ನೋಡಿದೆ. ಎಡಗಡೆಯ ಮೂರನೆಯ ಖಾನೆ ಅಂಚಿನಿಂದ ಅಂಚಿಗೆ ಖಾಲಿ. ಹಸಿರು ಬಣ್ಣದ ತಳ ಕಂಡದ್ದು ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು.

ಹಿಂದಿನ ಕೋಣೆಗೆ ಹೋಗಿ ಅವ್ವನ ಸೀರೆಗಳನ್ನು ಎದೆಗವಚಿಕೊಂಡು ತಂದೆ. ಪಡಸಾಲೆಯಲ್ಲಿ ಮಶೀನು ತುಳಿಯುತ್ತಿದ್ದ ಅವ್ವನಿಗೆ ನಾನು ದಾಟಿಹೋದದ್ದು ಕಂಡಿತು. ಚಕ್ರ ನಿಂತಿತು.

"ಕೇಳಿ ಇಡಬೇಕ, ಸುಮಿ."

"ಕೇಳೀನಲ್ಲ? ಜಾಗ ಆದ್ರ ಇಡಬೌದಂದಾರ ಅತ್ತಿನ. ನೀನೂ ಅಂದಿ."

ಸ್ವಲ್ಪ ಹೊತ್ತಿಗೆ ಚಕ್ರದ ಸದ್ದು ಮತ್ತೆ ಶುರುವಾಯಿತು. ಕಲೆಯಾದ ಇಳಕಲ್ ಸೀರೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಬಾಗಿಲು ಹಾಕಿದೆ.

ಅತ್ತೆಯೂ ಶಾರದಕ್ಕನೂ ಇಳಿಹೊತ್ತಿಗೆ ಬಂದರು. ಬಿಸಿಲಿಗೆ ಬಳಲಿದ್ದರೂ ಅತ್ತೆಯ ಮುಖದಲ್ಲಿ ಕಳೆಯಿತ್ತು. ಸೀರೆಯ ಡಬ್ಬಿಗಳನ್ನು ಮಂಚದ ಮೇಲೆ ಇಟ್ಟು, ಕಾಲು ತೊಳೆದು ಬಂದು ತಿಜೋರಿ ತೆಗೆದಳು. ಮೊದಲು ಕಂಡದ್ದು ಬಲಭಾಗ.

"ಅಯ್ಯ ಶಿವನ! ಏನಿದು? ಲೇ ಶಾರದಾ, ಬಾ ಇಲ್ಲೆ, ನೋಡಬಾ! ಸುಮಿ ಏನ ಮಾಡ್ಯಾಳ ನೋಡು. ಅಂಗಡಿ ಹಂಗ ಆಗೈತಲ್ಲ! ಎಷ್ಟ ಶಾಣ್ಯಾಕ್ಯವ್ವಾ ನೀ..."

ಆಮೇಲೆ ಎಡಭಾಗ ಕಂಡಿತು. ಅವಳ ಕೈ ಬಾಗಿಲ ಮೇಲೆಯೇ ನಿಂತಿತು. ಒಂದು ಹೆಜ್ಜೆ ಹಿಂದೆ ಸರಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ತಗೀ ಅವನ್ನ."

"ಜಾಗ ಐತಲ್ಲ, ಅತ್ತಿ?"

"ಜಾಗ ಐತಿ, ಖರೆ."

ಅಷ್ಟೇ ಹೇಳಿದಳು. ನಾನು ಅಲ್ಲೇ ನಿಂತಿದ್ದೆ. ನನಗೆ ನಿಜವಾಗಿಯೂ ತಿಳಿಯಲಿಲ್ಲ. ಅವಳು ಪಡಸಾಲೆಯ ಕಡೆ ತಿರುಗಿ, ಅಳುಬರುವಂತಿದ್ದ ದನಿಯಲ್ಲಿ ಅವ್ವನನ್ನು ಕರೆದಳು:

"ಯಕ್ಕಾ, ನೀನರ ಹೇಳಬಾರದಾ ಇಕಿಗೆ? ನಾ ಏನೂ ಅನ್ನಾಕ ಹತ್ತಿಲ್ಲ ನಿನಗ. ಇದ್ರಾಗ ಶಾರದಾನ ಮದಿವಿ ಸೀರಿ ಇಡಬೇಕು. ಮುತ್ತೈದಿ ಆಗಾಕಿ ಸೀರಿ. ಎರಡ ಸಲ ಮುರದೈತಿ. ನೀನೂ ಹೆಣ್ಣ ಹಡದಾಕಿ ಅದೀ."

ಅವ್ವ ಎದ್ದು ಬಂದಳು. ತಿಜೋರಿಯ ತನಕ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತಳು. "ಹುಡುಗಿ, ಆಕಿಗೇನ ತಿಳೀತತಿ. ತಗೀತಾಳ ಬಿಡು" ಎಂದಳು. ಆಮೇಲೆ ನನಗೆ: "ತಗದು ತಾ."

ನಾನು ತೆಗೆದೆ. ಅತ್ತೆ ಒಂದು ಬಟ್ಟಲಲ್ಲಿ ಅರಿಶಿನದ ನೀರು ಕಲಸಿ ತಂದು ಖಾನೆಯನ್ನು ಒರೆಸಿದಳು, ಮೂಲೆಗೆ ಕುಂಕುಮದ ಬೊಟ್ಟು ಇಟ್ಟಳು. ಶಾರದಕ್ಕನ ಹೊಸ ಸೀರೆಗಳು ನಾನು ಬಿಡಿಸಿದ ಜಾಗದಲ್ಲಿ ಕೂತವು. ಬಲಗಡೆ ಅವುಗಳಿಗೆ ಒಂದು ತಗಡಿನ ಅಂತರದಲ್ಲಿ ಪಂಪಣ್ಣನ ಜೀನ್ಸ್ ತೂಗುತ್ತಿದ್ದವು. ಹದಿನೈದು ದಿನದಿಂದ ನೀರು ಕಾಣದ ಜೀನ್ಸ್. ಮೊಣಕಾಲಿಗೆ ಎರೆಮಣ್ಣು ಇನ್ನೂ ಹಾಗೇ ಇತ್ತು. ಅವುಗಳಿಗೆ ಯಾವ ದೋಷವೂ ಇರಲಿಲ್ಲ. ಒಗೆದು, ಬಿಸಿಲಿಗೆ ಒಣಗಿಸಿ, ಬೇವಿನೆಲೆ ಇಟ್ಟು ಮಡಿಚಿದ ಅವ್ವನ ಸೀರೆಗಳಿಗೆ ಇತ್ತು. ನಾನು ಗೇಣು ಹಾಕಿ ಅಳೆದ ತಿಜೋರಿಯೇ ಬೇರೆ, ಆ ಮನೆಯಲ್ಲಿ ನಿಂತಿದ್ದ ತಿಜೋರಿಯೇ ಬೇರೆ.

ಸೀರೆಗಳನ್ನು ಟ್ರಂಕಿಗೆ ಹಾಕಿ ಬಂದವಳು ನೆಟ್ಟಗೆ ತಿಜೋರಿಗೆ ಹೋದೆ. ಅತ್ತೆಯೂ ಶಾರದಕ್ಕನೂ ಪಕ್ಕದ ಮನೆಗೆ ಸೀರೆಯ ಬಣ್ಣದ ಸುದ್ದಿ ಹೇಳಲು ಹೋಗಿದ್ದರು. ಒಂದೊಂದೇ ಕೊಂಡಿ ಕಳಚಿ ಜೀನ್ಸನ್ನೆಲ್ಲ ನೆಲಕ್ಕೆ ಎಸೆದೆ. ಮೊದಲಿನ ಹಾಗೆ ರಾಶಿಯಾಗಲಿ, ಮೊದಲಿನ ಹಾಗೆ ಬೀಳಲಿ, ಕಿತ್ತಾಡಿಕೊಳ್ಳಲಿ ಎಂದು. ಅರ್ಧ ಎಸೆದಿರಬೇಕು, ಅವ್ವ ಬಂದು ನನ್ನ ಮಣಿಕಟ್ಟು ಹಿಡಿದಳು.

"ತೂಗಹಾಕು."

"ಹಾಕೂದಿಲ್ಲ."

"ಅವ್ರು ಬರೂದ್ರಾಗ ತೂಗಹಾಕು, ಸುಮಿ."

"ನಿನಗ ಗೊತ್ತಿತ್ತಲ್ಲ? ಜಾಗದ ಮಾತಲ್ಲ ಅಂತ ನಿನಗ ಮೊದ್ಲ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ಯಾಕ ಕುಣಿಕಿ ಹೊಲದ ಕೊಟ್ಟಿ?"

ಅವ್ವ ಕೂತು ಬಿದ್ದ ಜೀನ್ಸನ್ನು ಎತ್ತಿ ಜಾಡಿಸತೊಡಗಿದಳು. ನನ್ನನ್ನು ನೋಡದೆ ಮಾತಾಡಿದಳು.

"ಹೇಳಿದ್ರ ನೀ ಮಾಡ್ತಿದ್ದಿಲ್ಲ. ಮುಂದಿನ ವರ್ಷ ಹತ್ತನೇತ್ತ ನಿಂದು. ಆಮ್ಯಾಲ ಕಾಲೇಜು. ನಿಮ್ಮ ಮಾವ ಓದಿಸಬೇಕು. ಓದಿಸಲಿಲ್ಲಂದ್ರ ಕೇಳಾವ್ರ್ಯಾರು? ನಾ ಮಶೀನ್ ತುಳಿಯೂತನಕ ನನಗ ಇಲ್ಲಿ ಕೂಳ ಐತಿ. ನೀನೂ ಈ ಮನಿಗೆ ಬೇಕಾದಾಕಿ ಆಗಬೇಕು. ಇವತ್ತ ಆಕಿ ಶಾಣ್ಯಾಕಿ ಅಂದಳಲ್ಲ ನಿನಗ? ಅದ ಬೇಕಿತ್ತ ನನಗ. ಸೀರಿ ಸುಡ್ಲಿ. ತಗೋ, ಹಿಡಿ."

ಅವಳು ಒಂದೊಂದೇ ಜೀನ್ಸನ್ನು ಮಡಿಚಿ ಕೊಟ್ಟಳು. ನಾನು ತೂಗುಹಾಕಿದೆ. ಒಂದು ಮೇಲೆ, ಒಂದು ಕೆಳಗೆ. ಅತ್ತೆ ಬರುವುದರೊಳಗೆ ಎಲ್ಲ ಮೊದಲಿನಂತೆ ಇತ್ತು.

ಅವ್ವನ ಲೆಕ್ಕ ತಪ್ಪಲಿಲ್ಲ. ಆ ತಿಜೋರಿಯಿಂದ ನಾನು ಮನೆಗೆ ಬೇಕಾದವಳಾದೆ. ಸಿದ್ದಾಪುರದ ಬೀಗರು ಮನೆ ನೋಡಲು ಬಂದಾಗ ಅತ್ತೆ ಸೀರೆ ತೋರಿಸುವ ನೆಪದಲ್ಲಿ ತಿಜೋರಿಯ ಎರಡೂ ಬಾಗಿಲು ತೆಗೆದಳು. ಗಂಡಿನ ತಾಯಿ ಸೀರೆಗಳನ್ನು ಬಿಟ್ಟು ಜೀನ್ಸನ್ನೇ ನೋಡುತ್ತ ನಿಂತಳು.

"ಇದ್ಯಾರ್ರಿ ಹಿಂಗ ಜೋಡಿಸಿದ್ದು? ನಮ್ಮ ಮನ್ಯಾಗ ಹುಡುಗ್ರ ಪ್ಯಾಂಟು ಹಂದಿ ಮರಿ ಹಂಗ ಬಿದ್ದಿರ್ತಾವು."

"ನಮ್ಮ ನಾದಿನಿ ಮಗಳ್ರಿ, ಸುಮಾ ಅಂತ. ಸಾಲ್ಯಾಗೂ ಮುಂದ ಅದಾಳ."

"ಹಂಗಾರ ಮದಿವಿ ಆದ್ಮ್ಯಾಲ ಸೊಸಿ ಜೋಡಿ ಇಕಿನ್ನೂ ಎಂಟ ದಿನ ಕಳಿಸ್ರಿ. ನಮ್ಮ ಗೋದ್ರೆಜ್ಜೂ ಸುದ್ದ ಮಾಡಿ ಬರ್ಲಿ!"

ಎಲ್ಲರೂ ನಕ್ಕರು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ, ನಾನೂ ನಕ್ಕೆ. ಆ ಹೊತ್ತಿಗೆ ಅವ್ವ ಹಿಂದಿನ ಕೋಣೆಯಲ್ಲಿದ್ದಳು. ಬೀಗರು ಹೋಗುವ ತನಕ ಹೊರಗೆ ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೇ ಹೋಗಿ ಕೂತಿದ್ದಳು. ಚಹಾದ ಜೊತೆ ಬಡಿಸಿದ ಮಂಡಕ್ಕಿ ಒಗ್ಗರಣೆ ಮಾಡಿದ್ದು ಅವಳು. ಬೀಗರು ಅದನ್ನು ಎರಡು ಸಲ ಹಾಕಿಸಿಕೊಂಡು ತಿಂದರು.

ಶಾರದಕ್ಕ ಒಳ್ಳೆಯವಳು. ಮದುವೆಗೆ ಮೊದಲು ನನ್ನ ಜಡೆ ಹೆಣೆಯುತ್ತ, "ನಾ ಹೋದ್ಮ್ಯಾಲ ಖಾನಿ ಖಾಲಿ ಆಗ್ತತಲ್ಲ, ಆಗ ಇಡು ನಿಮ್ಮವ್ವನ ಸೀರಿ. ನಾ ನಮ್ಮವ್ವಗ ಹೇಳ್ತೀನಿ" ಎಂದಿದ್ದಳು. ಹೇಳಿಯೂ ಇರಬಹುದು. ಅವಳು ಹೋದ ಮೇಲೆ ಆ ಖಾನೆಗೆ ಬೀಗರು ಕೊಟ್ಟ ಹೊದಿಕೆಗಳು ಬಂದವು, ಆಮೇಲೆ ಅಳಿಯನ ಹಬ್ಬದ ಬಟ್ಟೆಗಳು. ನಾನು ಮತ್ತೆ ಕೇಳಲಿಲ್ಲ. ಪ್ರತಿ ರವಿವಾರ ಜೀನ್ಸನ್ನು ಜೋಡಿಸಿದೆ. ಹತ್ತನೆಯದು ಮುಗಿಸಿದೆ, ಕಾಲೇಜು ಮುಗಿಸಿದೆ. ಮಾವ ಓದಿಸಿದ. ಬಸ್ ಪಾಸಿನಿಂದ ಹಿಡಿದು ಪರೀಕ್ಷೆಯ ಶುಲ್ಕದ ತನಕ ಯಾವುದಕ್ಕೂ ಎರಡನೆಯ ಸಲ ಕೇಳುವ ಹಾಗೆ ಮಾಡಲಿಲ್ಲ. ಆ ಋಣವೂ ನನ್ನ ಮೇಲೆ ಇದೆ. ಅದಕ್ಕೇ ಆ ಮನೆಯ ಮೇಲೆ ಮನಸ್ಸು ಬಿಚ್ಚಿ ಸಿಟ್ಟಾಗುವ ಸುಖವೂ ನನಗೆ ಸಿಗಲಿಲ್ಲ.

ಈಗ ನಾನು ಕೊಪ್ಪಳದಲ್ಲಿ ಒಂದು ಗೋದಾಮಿನ ದಾಸ್ತಾನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಯಾವ ಸಾಮಾನನ್ನು ಹೇಗೆ ಇಟ್ಟರೆ ಎಷ್ಟು ಜಾಗ ಉಳಿಯುತ್ತದೆ ಎಂದು ಹೇಳಿದ್ದಕ್ಕೆ ಸಂಬಳ ಕೊಡುತ್ತಾರೆ. ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಮೊದಲು ಕೊಂಡದ್ದು ತಿಜೋರಿ. ನನ್ನವೂ ಈಗ ಜೀನ್ಸೇ, ಗೋದಾಮಿನ ಏಣಿ ಹತ್ತಿಳಿಯಲು ಅದೇ ಅನುಕೂಲ. ಎಲ್ಲವನ್ನೂ ಬಲಕ್ಕೆ ಸರಿಸಿ, ಎಡಗಡೆಯ ಎಲ್ಲ ಖಾನೆಗಳನ್ನು ಅವ್ವನಿಗೆಂದು ಖಾಲಿ ಇಟ್ಟೆ. ಅವಳನ್ನು ಕರೆತರಲು ಬಹಳ ದಿನ ಹಿಡಿಯಿತು. ಮಾವನ ಅಂಗಡಿಯಲ್ಲಿ ಈಗ ಟೇಲರ್ ಒಬ್ಬ ಕರೆಂಟಿನ ಮಶೀನು ಇಟ್ಟುಕೊಂಡು ಕೂತಿದ್ದಾನೆ, ವೀರೇಶನ ಹೆಂಡತಿ ಬಂದಿದ್ದಾಳೆ. ಅವ್ವನ ಕೈಗೆ ಕೆಲಸ ಕಡಿಮೆಯಾದ ಮೇಲೆ ಅಲ್ಲಿ ಯಾರೂ ಅವಳನ್ನು ಹೋಗೆನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಹೋದ ತಿಂಗಳು ಒಂದು ಕೈಚೀಲದಲ್ಲಿ ಸೀರೆಗಳನ್ನು ಹಾಕಿಕೊಂಡು ಬಸ್ಸಿಳಿದಳು.

ತಿಜೋರಿ ತೆಗೆದು ತೋರಿಸಿದೆ. "ಇದೆಲ್ಲಾ ನಿಂದ, ನೋಡು" ಎಂದೆ. ಅವಳು ಖಾನೆಯ ಅಂಚನ್ನು ಮುಟ್ಟಿ ನೋಡಿ, "ಛಲೋ ಐತಿ. ಗಟ್ಟಿ ತಗಡು" ಎಂದಳು. ಕೈಚೀಲವನ್ನು ಮಂಚದ ಕೆಳಗೆ ಸರಿಸಿದಳು. ಬಸ್ಸಿನ ದಣಿವು ಇರಬೇಕು, ನಾಳೆ ಇಡುತ್ತಾಳೆ ಎಂದುಕೊಂಡೆ. ಮರುದಿನವೂ ಇಡಲಿಲ್ಲ. ನಾಲ್ಕನೆಯ ದಿನ ಕೆಲಸಕ್ಕೆ ಹೋಗುವ ಮುಂಚೆ ನಾನೇ ಚೀಲ ಎಳೆದು ಸೀರೆ ತೆಗೆಯಲು ಹೋದೆ. ಅವಳು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಮುಟ್ಟಬ್ಯಾಡ! ಅಲ್ಲೇ ಇರ್ಲಿ ಅವು."

"ಇಲ್ಲಿ ಯಾವ ಅತ್ತಿ ಅದಾಳವ್ವಾ? ಮನಿ ನಂದು, ತಿಜೋರಿ ನಂದು."

"ನಿಂದ ಅಂತನ ಹೇಳಾಕ ಹತ್ತೀನಿ. ನಿನ್ನ ಮದಿವಿ ಇನ್ನಾ ಆಗಬೇಕು. ನನ್ನ ಸೀರಿ ನಿನ್ನ ಬಟ್ಟಿ ಜೋಡಿ ಇರಬಾರದು."

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಹಳ ಹೇಳಿದೆ. ಅತ್ತೆಗೆ ಹೇಳಲಾಗದೆ ಇಷ್ಟು ವರ್ಷ ಇಟ್ಟುಕೊಂಡಿದ್ದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಹಿಟ್ಟಿನ ಕೈಯನ್ನು ಮುಂದೆ ಹಿಡಿದುಕೊಂಡು ಎಲ್ಲ ಕೇಳಿಸಿಕೊಂಡಳು, ಆಮೇಲೆ ಹೋಗಿ ಒಲೆಯ ಮೇಲಿನ ರೊಟ್ಟಿ ತಿರುವಿದಳು.

ಸಂಜೆ ಬಂದು ತಿಜೋರಿ ತೆಗೆದೆ. ನನ್ನ ಜೀನ್ಸನ್ನೆಲ್ಲ ಅವ್ವ ಹೊಸದಾಗಿ ಜೋಡಿಸಿದ್ದಳು. ಕಾಲಮೇಲೆ ಕಾಲು ಕೂಡಿಸಿ, ಒಂದು ಮೇಲೆ, ಒಂದು ಕೆಳಗೆ. ನಾನು ಅವಸರದಲ್ಲಿ ಬಿಟ್ಟಿದ್ದಕ್ಕಿಂತ ಅಚ್ಚುಕಟ್ಟಾಗಿ, ಒಂದಕ್ಕೊಂದು ಒತ್ತಿ ಬಲಮೂಲೆಗೆ ಸರಿಸಿದ್ದಳು. ಸರಳಿನ ಮುಕ್ಕಾಲುಪಾಲು ಬರಿದಾಗಿತ್ತು. ಅವಳು ನನ್ನ ಹಿಂದೆ ಬಂದು ನಿಂತಳು. ಮುಂಜಾನೆಯ ಜಗಳ ಅವಳ ಮುಖದಲ್ಲಿ ಇರಲಿಲ್ಲ. ಬೈಸಿಕೊಂಡವಳ ಹಾಗಲ್ಲ, ಒಂದು ಒಳ್ಳೆಯ ಕೆಲಸ ಮುಗಿಸಿದವಳ ಹಾಗೆ ಇದ್ದಳು.

"ನೋಡು," ಎಂದಳು. "ನಿನ್ನ ಮದಿವಿ ಸೀರಿಗೆ ಎಷ್ಟ ಜಾಗ ಆತು."

ಮಂಚದ ಕೆಳಗಿನ ಸೀರೆಗಳೆಲ್ಲ ಹಿಡಿಸಿ, ಇನ್ನೂ ಉಳಿಯುವಷ್ಟು ಜಾಗ ಅಲ್ಲಿತ್ತು.